ಸುಮ್ಮನೆ ಕುಳಿತುಕೊಳ್ಳುವ ವಿದ್ಯೆ

ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಈಗ್ಗೆ ಮೂವತ್ತೈದು ವರುಷಗಳ ಹಿಂದೆ, ಜ್ವರ ಕಾಣಿಸಿಕೊಂಡ ಎರಡೇ ದಿನಗಳಲ್ಲಿ ತೀರಿಹೋದ ನಾಲ್ಕು ವರುಷದ ಹೆಣ್ಣುಮಗುವಿನ ಮನೆಗೆ, ಸಭೆಯ ಹಿರಿಯರು ಹೇಳಿಕಳುಹಿಸಿದ ಪ್ರಕಾರ, ಸತ್ಯವೇದವನ್ನು ಕಂಕುಳಲ್ಲಿ ಇರಿಸಿಕೊಂಡು ನಾನು ಹೋಗಿದ್ದೆನು. ಆಗ ನನಗೆ ಇಪ್ಪತ್ತನಾಲ್ಕರ ಪ್ರಾಯ. ವಾರದ ಆರು ದಿನ ಶಾಲೆಯ ಮಾಸ್ತರಿಕೆ, ಆದಿತ್ಯವಾರ ಉಪದೇಶಿಯ ಕೆಲಸ. ಮಾತು ಚೆನ್ನಾಗಿ ಬರುತ್ತದೆಂದು ನಾಲ್ಕು ಜನ ಹೊಗಳಿದ್ದರು. ಆ ಹೊಗಳಿಕೆಯನ್ನು ನಾನು ನಂಬಿದ್ದೆನು. ಆ ಸಣ್ಣ ಮಾಳಿಗೆ ಮನೆಯ ಪಡಸಾಲೆಯಲ್ಲಿ ನಿಂತು, ದೇವರ ಚಿತ್ತದ ಗೂಢತೆಯನ್ನು ಕುರಿತು, ಪರಲೋಕದ ತೋಟಕ್ಕೆಂದು ಕೊಯ್ಯಲ್ಪಟ್ಟ ಹೂವನ್ನು ಕುರಿತು, ಕಡೆಯ ದಿನದ ಪುನರುತ್ಥಾನವನ್ನು ಕುರಿತು, ಮುಕ್ಕಾಲು ಗಂಟೆಯ ಕಾಲ ನಿರರ್ಗಳವಾಗಿ ಮಾತನಾಡಿದೆನು. ತಾಯಿ ಗೋಡೆಯನ್ನು ನೋಡುತ್ತ ಕುಳಿತಿದ್ದಳು. ಆಕೆಯ ಕಣ್ಣಿನಲ್ಲಿ ಒಂದು ಹನಿ ನೀರಿರಲಿಲ್ಲ. ಬೆರಳುಗಳ ನಡುವೆ ಮಗುವಿನ ಹಸಿರು ಗಾಜಿನ ಬಳೆಯೊಂದಿತ್ತು. ಅದನ್ನು ಆಕೆ ತಿರುಗಿಸುತ್ತಲೇ ಇದ್ದಳು.

ಅಷ್ಟರಲ್ಲಿ ನಮ್ಮ ಪ್ರಾರ್ಥನಾಲಯದ ಕಸ ಗುಡಿಸುತ್ತಿದ್ದ ಮುದುಕಿ ಒಂದು ಕೊಡ ನೀರು ತಂದು ಹೊಸ್ತಿಲ ಒಳಗೆ ಇಳುಹಿ, ಸೆರಗಿನಿಂದ ಕೈ ಒರೆಸಿಕೊಂಡು, ನನ್ನ ಧೋತರದ ಅಂಚನ್ನು ಮೆಲ್ಲನೆ ಹಿಡಿದು ಎಳೆದಳು. “ತಮ್ಮಾ, ಸಾಕು ಬಿಡು. ಆಕಿ ಅಳ್ಲಿ. ನೀ ಸುಮ್ನ ಕುಂದ್ರು” ಎಂದಳು. ನಾನು ಕುಳಿತೆನು. ಆಕೆ ಹೋಗಿ ತಾಯಿಯ ಮಗ್ಗುಲಲ್ಲಿ, ಭುಜಕ್ಕೆ ಭುಜ ತಾಗುವಂತೆ ಕುಳಿತಳು, ಏನನ್ನೂ ಹೇಳಲಿಲ್ಲ. ಎಷ್ಟು ಹೊತ್ತಾಯಿತೆಂಬುದು ನನಗೆ ತಿಳಿಯದು. ಹೊರಗೆ ಬಿಸಿಲು ಬೇವಿನ ಮರದ ಆಚೆಗೆ ಸರಿದ ಮೇಲೆ, ಆ ತಾಯಿ ತನ್ನ ತಲೆಯನ್ನು ಮುದುಕಿಯ ತೊಡೆಯ ಮೇಲೆ ಇಟ್ಟು, ಊರೆಲ್ಲ ಕೇಳುವಂತೆ ಅತ್ತಳು.

ಯೋಬನ ಗ್ರಂಥವನ್ನು ನಾನು ಅದಕ್ಕೆ ಮುಂಚೆ ಹಲವು ಸಲ ಓದಿದ್ದೆನು, ಅದರ ಮೇಲೆ ಪ್ರಸಂಗವನ್ನೂ ಮಾಡಿದ್ದೆನು. ಆದರೆ ಸರ್ವಸ್ವವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಆ ಮನುಷ್ಯನ ಬಳಿಗೆ ಬಂದ ಮೂವರು ಮಿತ್ರರು ಏಳು ದಿನ ಏಳು ರಾತ್ರಿ ಒಂದು ಮಾತನ್ನೂ ಆಡದೆ ನೆಲದ ಮೇಲೆ ಅವನೊಡನೆ ಕುಳಿತರೆಂಬ ವಾಕ್ಯವನ್ನು ಕಥೆಯ ಪೀಠಿಕೆಯೆಂದು ದಾಟಿಹೋಗಿದ್ದೆನೇ ಹೊರತು, ಆ ಮೂವರು ಮಾಡಿದ ಕೆಲಸಗಳಲ್ಲಿ ಸರಿಯಾದುದು ಅದೊಂದೇ ಎಂಬುದನ್ನು ಕಂಡಿರಲಿಲ್ಲ. ಆಮೇಲೆ ಅವರು ಬಾಯಿ ತೆರೆದರು. ಅಧ್ಯಾಯಗಟ್ಟಲೆ ಧರ್ಮವನ್ನು ವಿವರಿಸಿದರು. ಕೊನೆಗೆ ದೇವರ ಕೋಪಕ್ಕೆ ಗುರಿಯಾದುದು ಅವರ ಆ ವಿವರಣೆಯೇ. ತಮ್ಮ ಮಿತ್ರನ ದುಃಖಕ್ಕೆ ಕಾರಣ ತಮಗೆ ತಿಳಿದಿದೆಯೆಂದು ಅವರು ಭಾವಿಸಿದ್ದರು. ಮಾನ್ವಿಯ ಆ ಮನೆಯಲ್ಲಿ ನನ್ನ ಅಪರಾಧವೂ ಅದೇ ಆಗಿತ್ತು.

ಕ್ರೈಸ್ತ ಜೀವನದಲ್ಲಿ ವಾಕ್ಸಂಯಮಕ್ಕೆ ಇರತಕ್ಕ ಸ್ಥಾನವನ್ನು ಕುರಿತು ಬರೆಯಹೊರಟಾಗ ಪಡುವಣ ದೇಶಗಳ ಮಠಗಳಿಂದಲೇ ಆರಂಭಿಸಬೇಕೆಂಬ ನಿಯಮವೇನೂ ಇಲ್ಲ. ಕೃಷ್ಣೆಗೂ ತುಂಗಭದ್ರೆಗೂ ನಡುವಣ ಈ ನೆಲವನ್ನು ಶಾಸನಗಳು ಎಡೆದೊರೆ ಎಂದು ಕರೆದವು. ಈ ಎಡೆದೊರೆಯಲ್ಲಿ ಹುಟ್ಟಿ ಬೆಳೆದವನಿಗೆ ನಾಲಗೆಯ ಪಾಠವನ್ನು ಹೇಳಿಕೊಡುವವರು ಮನೆಯ ಬಾಗಿಲಿನಲ್ಲೇ ಇದ್ದಾರೆ. ಮಾನ್ವಿಯಲ್ಲಿ ಯಾರನ್ನು ಕೇಳಿದರೂ ಜಗನ್ನಾಥದಾಸರ ಕಥೆಯನ್ನು ಹೇಳುತ್ತಾರೆ. ಹರಿಕಥಾಮೃತಸಾರವನ್ನು ಕನ್ನಡ ಷಟ್ಪದಿಯಲ್ಲಿ ರಚಿಸಿದ ಈ ಮಹಾನುಭಾವರು (1728–1809) ಪೂರ್ವಾಶ್ರಮದಲ್ಲಿ ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರಾಗಿದ್ದರು; ಅದೇ ತಾಲ್ಲೂಕಿನ ಚೀಕಲಪರ್ವಿಯವರಾದ ವಿಜಯದಾಸರು ಮಾನ್ವಿಗೆ ಬಂದು ಊಟಕ್ಕೆ ಕರೆದಾಗ, ಕನ್ನಡದಲ್ಲಿ ಪದ ಹಾಡುವವರ ಪಂಕ್ತಿಯಲ್ಲಿ ಕುಳಿತುಕೊಳ್ಳುವುದು ತಮ್ಮ ಪಾಂಡಿತ್ಯಕ್ಕೆ ತಕ್ಕುದಲ್ಲವೆಂದು ಬಗೆದು, ಹೊತ್ತು ಮೀರಿ ಉಂಡರೆ ತಮಗೆ ಹೊಟ್ಟೆನೋವು ಬರುತ್ತದೆಂದು ನೆಪ ಹೇಳಿ ಕಳುಹಿಸಿದರಂತೆ. ಆ ನೆಪವೇ ನಿಜವಾಗಿ, ಯಾವ ಔಷಧಕ್ಕೂ ಬಗ್ಗದ ಉದರಶೂಲೆಯಾಗಿ ಅವರನ್ನು ಹಿಡಿಯಿತೆಂದೂ, ಕಡೆಗೆ ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರುಷಗಳನ್ನು ಧಾರೆಯೆರೆದು ಅವರನ್ನು ಉಳಿಸಿದರೆಂದೂ ಪ್ರತೀತಿ. ನಾನು ಕ್ರೈಸ್ತನಾಗಿದ್ದರೂ ಬಾಲ್ಯದಿಂದ ಕೇಳಿದ ಈ ಕಥೆಯಲ್ಲಿ, ಮನುಷ್ಯರು ಆಡಿದ ಪ್ರತಿಯೊಂದು ವ್ಯರ್ಥವಾದ ಮಾತಿಗೂ ನ್ಯಾಯವಿಚಾರಣೆಯ ದಿನದಲ್ಲಿ ಲೆಕ್ಕ ಒಪ್ಪಿಸಬೇಕಾಗುವುದೆಂಬ ಯೇಸುಸ್ವಾಮಿಯ ಬೋಧೆಯ ನೆರಳನ್ನು ಕಾಣುತ್ತೇನೆ. ಅಹಂಕಾರದಿಂದ ಹುಟ್ಟಿದ ಒಂದು ಸಣ್ಣ ಸುಳ್ಳು ಆಡಿದವನ ಹೊಟ್ಟೆಯನ್ನೇ ಹೊಕ್ಕಿತು. ಅದನ್ನು ಹೊರತೆಗೆಯಲು ಇನ್ನೊಬ್ಬರು ತಮ್ಮ ಆಯುಸ್ಸನ್ನೇ ಕೊಡಬೇಕಾಯಿತು. ಒಬ್ಬನ ತಪ್ಪಿಗೆ ಮತ್ತೊಬ್ಬನು ಪ್ರಾಣವನ್ನು ಕೊಡುವ ಮಾತು ಕ್ರೈಸ್ತನ ಕಿವಿಗೆ ಹೇಗೆ ಕೇಳಿಸುತ್ತದೆಂಬುದನ್ನು ನಾನು ಬೇರೆ ವಿವರಿಸಬೇಕಾಗಿಲ್ಲ.

ಇದಕ್ಕೂ ಹಿಂದಿನದೊಂದು ಸಾಕ್ಷ್ಯ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿದೆ. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನ 1915ರಲ್ಲಿ ಬೆಳಕಿಗೆ ಬಂದು ಅಶೋಕನೆಂಬ ಹೆಸರನ್ನು ಅವನ ಶಾಸನದಲ್ಲಿಯೇ ಲೋಕಕ್ಕೆ ತೋರಿಸಿಕೊಟ್ಟಿತೆಂಬುದು ಶಾಲೆಯ ಹುಡುಗರಿಗೂ ಗೊತ್ತು. ಆದರೆ ಭೀಮಾ ತೀರದ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1986ರಲ್ಲಿ ದೊರೆತ ಕಲ್ಲಿನ ಮೇಲೆ ಅದೇ ಅರಸನ ಹನ್ನೆರಡನೆಯ ಶಾಸನವಿದೆಯೆಂಬುದು ಅಷ್ಟು ಪ್ರಸಿದ್ಧವಲ್ಲ. ತನ್ನ ಮತವನ್ನು ಹೊಗಳುವಾಗಲೂ ಪರಮತವನ್ನು ಕುರಿತು ಮಾತನಾಡುವಾಗಲೂ ನಾಲಗೆಯನ್ನು ಕಾಯಬೇಕು, ಅಕಾರಣವಾಗಿ ಪರರನ್ನು ಹಳಿಯುವವನು ತನ್ನ ಮತಕ್ಕೇ ಹಾನಿ ಮಾಡುತ್ತಾನೆ ಎಂಬುದು ಅದರ ಸಾರ. ನಮ್ಮ ಸುವಾರ್ತಿಕರು ಈ ಕಲ್ಲನ್ನು ಒಮ್ಮೆ ನೋಡಿ ಬರಬೇಕೆಂದು ನನಗೆ ಬಹಳ ದಿನಗಳಿಂದ ಆಸೆ. ಮಾರುಕಟ್ಟೆಯ ನಡುವೆ ನಿಂತು ನೆರೆಯವನ ದೇವರನ್ನು ಹೀಯಾಳಿಸುವ ಪ್ರಸಂಗಿ ಯಾರನ್ನೂ ಕ್ರಿಸ್ತನ ಬಳಿಗೆ ತರಲಾರನು. ಆ ಸಂಜೆ ಅವನು ಬಸ್ಸು ಹತ್ತಿ ಹೋದ ಮೇಲೆ, ಅದೇ ಓಣಿಯಲ್ಲಿ ಉಳಿದು ಬಾಳಬೇಕಾದ ಬಡ ಕ್ರೈಸ್ತ ಕುಟುಂಬಗಳು ಆ ಮಾತಿನ ಸಾಲವನ್ನು ವರುಷಗಟ್ಟಲೆ ತೀರಿಸುತ್ತವೆ.

ಮಾತನಾಡುವ ಮುನ್ನ ಎಷ್ಟು ಕಾಲ ಕೇಳಿಸಿಕೊಳ್ಳಬೇಕೆಂಬುದಕ್ಕೆ ತುಂಗಭದ್ರೆಯ ಆಚೆಯ ದಡದ ಬಳ್ಳಾರಿಯಲ್ಲಿ ಒಂದು ಅಳತೆ ಉಂಟು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದನು. ಸಮಗ್ರ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿ ಹೊರಬರುವ ಹೊತ್ತಿಗೆ 1830 ದಾಟಿತ್ತು. ಒಂದು ಗ್ರಂಥವನ್ನು ಇನ್ನೊಂದು ಜನದ ನುಡಿಯಲ್ಲಿ ಹೇಳುವುದಕ್ಕೆ ಎರಡು ದಶಕಗಳು ಹಿಡಿದವು. ತಾನು ಕಲಿಸಬಂದ ಜನರ ಮುಂದೆ ಮೊದಲು ತಾನೇ ವಿದ್ಯಾರ್ಥಿಯಾಗಿ ಕುಳಿತು, ಅವರ ಸಂತೆಯ ಮಾತನ್ನೂ ಜಗಳದ ಮಾತನ್ನೂ ಲಾಲಿಯನ್ನೂ ಕೇಳಿಸಿಕೊಳ್ಳದೆ ಅಂತಹ ಕಾರ್ಯ ನಡೆಯುವಂತಿಲ್ಲ.

ಕ್ರೈಸ್ತ ಪರಂಪರೆಯಲ್ಲಿ ಮೌನವನ್ನು ಒಂದು ಸಾಧನೆಯನ್ನಾಗಿ ಹಿಡಿದವರು ಅನೇಕರು. ಈಜಿಪ್ಟಿನ ಮರುಭೂಮಿಯ ತಾಪಸನಾದ ಅಗಾಥೋನನು ಸುಮ್ಮನಿರುವುದನ್ನು ಕಲಿಯುವುದಕ್ಕಾಗಿ ಮೂರು ವರುಷ ಬಾಯಲ್ಲಿ ಕಲ್ಲನ್ನು ಇಟ್ಟುಕೊಂಡಿದ್ದನೆಂದು ಹೇಳುತ್ತಾರೆ. ಆರನೆಯ ಶತಮಾನದ ಸಂತ ಬೆನೆಡಿಕ್ಟನು ತನ್ನ ಮಠದ ನಿಯಮಾವಳಿಯಲ್ಲಿ ಒಂದು ಅಧ್ಯಾಯವನ್ನೇ ಮೌನಕ್ಕೆ ಮೀಸಲಿಟ್ಟನು. ಇವರೆಲ್ಲರಿಗಿಂತ ನನಗೆ ಹತ್ತಿರದವನು ಲೊಯೋಲಾದ ಇಗ್ನಾಸಿಯನು; ಇಂದು ಮಾನ್ವಿಯಲ್ಲಿ ಅವನ ಹೆಸರಿನ ಶಾಲೆಯನ್ನು ಯೇಸುಸಭೆಯ ಗುರುಗಳು ನಡೆಸುತ್ತಿದ್ದಾರೆ. ಅವನ ಆತ್ಮಸಾಧನೆಯ ಪುಸ್ತಕದ ಪ್ರಕಾರ ಸುಮಾರು ಮೂವತ್ತು ದಿನ ಮೌನದಲ್ಲಿ ಕಳೆಯಬೇಕು. ಆದರೆ ಆ ಮೌನಕ್ಕೆ ಪ್ರವೇಶಿಸುವ ಬಾಗಿಲಿನಲ್ಲಿಯೇ ಅವನು ಮಾತನ್ನು ಕುರಿತು ಒಂದು ನಿಬಂಧನೆಯನ್ನು ಇಟ್ಟಿದ್ದಾನೆ. ನೆರೆಯವನು ಆಡಿದ ಮಾತಿಗೆ ಎರಡು ಅರ್ಥಗಳು ಸಾಧ್ಯವಾದರೆ ಒಳ್ಳೆಯ ಅರ್ಥವನ್ನೇ ಹಿಡಿಯಲು ಮುಂದಾಗಬೇಕು. ಹಾಗೆ ಹಿಡಿಯಲಾಗದಿದ್ದರೆ ಅವನನ್ನೇ ಕೇಳಬೇಕು. ಅವನು ತಪ್ಪಿದ್ದರೆ ಪ್ರೀತಿಯಿಂದ ತಿದ್ದಬೇಕು. ರಾಯಚೂರು ನಗರದ ಸಭೆಗಳಲ್ಲಿ, ಯಾವ ಪಂಗಡದ್ದಾದರೂ ಆಗಲಿ, ನಾನು ಕಂಡಿರುವ ಹತ್ತು ಜಗಳಗಳಲ್ಲಿ ಒಂಬತ್ತು ಈ ಒಂದು ನಿಬಂಧನೆಯನ್ನು ಪಾಲಿಸಿದ್ದರೆ ಹುಟ್ಟುತ್ತಲೇ ಇರಲಿಲ್ಲ. ಕಮಿಟಿಯ ಕೂಟದಲ್ಲಿ ಒಬ್ಬರು ಹಣದ ಲೆಕ್ಕವನ್ನು ಕೇಳುತ್ತಾರೆ; ಲೆಕ್ಕ ಬರೆದವರು ಅದನ್ನು ಕಳ್ಳತನದ ಆರೋಪವೆಂದು ತಿಳಿಯುತ್ತಾರೆ; ಮನೆ ಮುಟ್ಟುವ ಮೊದಲೇ ಆ ಮಾತು ವಾಟ್ಸಾಪಿನಲ್ಲಿ ನೂರು ಮನೆಗಳನ್ನು ಮುಟ್ಟಿರುತ್ತದೆ. ಯಾಕೋಬನು ತನ್ನ ಪತ್ರಿಕೆಯಲ್ಲಿ ನಾಲಗೆಯನ್ನು ಕಾಡಿಗೆ ಹತ್ತುವ ಕಿಡಿಗೆ ಹೋಲಿಸಿದ್ದಾನೆ. ಬೇಸಗೆಯಲ್ಲಿ ಹತ್ತಿ ಜಿನ್ನಿನ ಅಂಗಳದಲ್ಲಿ ರಾಶಿ ಹಾಕಿದ ಹತ್ತಿಗೆ ಕಿಡಿ ಬಿದ್ದರೆ ಆಗುವುದನ್ನು ಕಂಡಿರುವ ರಾಯಚೂರಿನವರಿಗೆ ಆ ಹೋಲಿಕೆ ಬೇಗ ಅರ್ಥವಾಗಬೇಕು.

ಶುಭ ಶುಕ್ರವಾರದ ಆಚರಣೆಯನ್ನು ಕುರಿತು ಒಂದು ಮಾತು ಹೇಳದೆ ಇರಲಾರೆ. ಕಥೋಲಿಕ ದೇವಾಲಯಗಳಲ್ಲಿ ಪವಿತ್ರ ಗುರುವಾರದ ಸಂಜೆಯಿಂದ ಪಾಸ್ಕದ ರಾತ್ರಿಯವರೆಗೆ ಗಂಟೆಗಳು ಮೌನವಾಗಿರುತ್ತವೆ. ಅವುಗಳಿಗೆ ಬದಲಾಗಿ ಮರದ ಗಿಲಕಿಯನ್ನು ಆಡಿಸುವ ವಾಡಿಕೆಯುಂಟು, ಆ ಒಣ ಸದ್ದೇ ಶೋಕವನ್ನು ಹೇಳುತ್ತದೆ. ನಮ್ಮ ಪ್ರಾಟೆಸ್ಟಂಟ್ ಸಭೆಗಳಲ್ಲಿಯಾದರೋ, ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ, ಸ್ವಾಮಿಯು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಮೇಲೆ ಏಳು ಜನರು ಏಳು ಪ್ರಸಂಗಗಳನ್ನು ಮಾಡುತ್ತಾರೆ. ಆ ಏಳು ಮಾತುಗಳನ್ನು ಬಿಡಿಸಿ ಓದಿದರೆ ಎರಡು ನಿಮಿಷವೂ ಹಿಡಿಯುವುದಿಲ್ಲ. ಮರಣವೇದನೆಯಲ್ಲಿ ಒಂದೊಂದು ಉಸಿರನ್ನೂ ಎಣಿಸಿ ಆಡಿದ ಮಾತುಗಳವು: ಒಂದು ಕ್ಷಮೆಗಾಗಿ, ಒಂದು ಕಳ್ಳನಿಗಾಗಿ, ಒಂದು ತಾಯಿಗಾಗಿ, ಒಂದು ಬಾಯಾರಿಕೆಗಾಗಿ, ಉಳಿದವು ತಂದೆಯ ಕಡೆಗೆ ಎತ್ತಿದ ಕೂಗು ಮತ್ತು ಒಪ್ಪಿಸಿಕೊಡುವಿಕೆ. ಏಪ್ರಿಲ್ ತಿಂಗಳ ನಲವತ್ತು ಡಿಗ್ರಿಯ ಬಿಸಿಲಿನಲ್ಲಿ, ಉಪವಾಸವಿದ್ದ ಮುದುಕರೂ ಬಸುರಿಯರೂ ತಗಡಿನ ಮಾಡಿನ ಕೆಳಗೆ ಬೆವರುತ್ತ ಕುಳಿತಿರುವಾಗ, ನಾನೇ ಎಷ್ಟೋ ವರುಷ ‘ಬಾಯಾರಿದ್ದೇನೆ’ ಎಂಬ ಮಾತಿನ ಮೇಲೆ ಅರ್ಧ ಗಂಟೆ ಪ್ರಸಂಗ ಮಾಡಿದ್ದೇನೆ, ಅವರಲ್ಲಿ ಒಬ್ಬರಿಗೂ ನೀರು ಬೇಕೇ ಎಂದು ಕೇಳದೆ. ಇದು ನೆನಪಾದಾಗ ನನಗೆ ಇಂದಿಗೂ ದುಃಖವಾಗುತ್ತದೆ. ಏಳು ವಾಕ್ಯಗಳನ್ನು ಓದಿ, ಒಂದೊಂದರ ನಡುವೆ ಹತ್ತು ನಿಮಿಷ ಎಲ್ಲರೂ ಸುಮ್ಮನೆ ಕುಳಿತು, ನಡುವೆ ಕುಡಿಯಲು ನೀರು ಕೊಟ್ಟರೆ ಅದಕ್ಕಿಂತ ದೊಡ್ಡ ಆರಾಧನೆ ಆ ದಿನಕ್ಕೆ ಬೇಕಾಗಿಲ್ಲವೆಂಬುದು ನನ್ನ ಅಭಿಪ್ರಾಯ.

ಇಲ್ಲಿಯವರೆಗೆ ಬರೆದುದನ್ನು ಓದಿ, ಮೌನವೇ ಸರ್ವತ್ರ ಶ್ರೇಷ್ಠವೆಂದು ಯಾರಾದರೂ ತಿಳಿದರೆ ನನ್ನ ಉದ್ದೇಶ ಕೆಟ್ಟಿತು. ಎಡೆದೊರೆಯ ಬಡವನಿಗೆ ಸುಮ್ಮನಿರು ಎಂದು ಯಾರೂ ಬೋಧಿಸಬೇಕಾಗಿಲ್ಲ. ತಲೆತಲಾಂತರದಿಂದ ಅವನನ್ನು ಸುಮ್ಮನಿರಿಸಿಯೇ ಇಟ್ಟಿದ್ದಾರೆ. ಸುಗ್ಗಿ ಮುಗಿದ ಮೇಲೆ ರಾಯಚೂರಿನ ರೈಲ್ವೆ ನಿಲ್ದಾಣಕ್ಕೆ ಹೋಗಿ ನೋಡಿರಿ. ಮುಂಬಯಿಯ ಹಳಿಯೂ ಮದರಾಸಿನ ಹಳಿಯೂ 1871ರಲ್ಲಿ ಬಂದು ಕೂಡಿದ ಆ ನಿಲ್ದಾಣದ ಕಟ್ಟೆಯ ಮೇಲೆ, ದೇವದುರ್ಗದ ಹಳ್ಳಿಗಳಿಂದ ಗುಳೆ ಹೊರಟ ಕುಟುಂಬಗಳು ಜೋಳದ ಹಿಟ್ಟಿನ ಗಂಟು, ತಟ್ಟೆ, ಕೊಡ, ನಿದ್ದೆಹೋದ ಮಗು, ಇಷ್ಟನ್ನು ಸುತ್ತ ಇಟ್ಟುಕೊಂಡು ಕುಳಿತಿರುತ್ತವೆ. ಅವರಲ್ಲಿ ನಮ್ಮ ಸಭೆಗಳ ಜನರೂ ಇದ್ದಾರೆ. ಮುಂದಿನ ಆದಿತ್ಯವಾರ ಹಳ್ಳಿಯ ಪ್ರಾರ್ಥನಾಲಯದಲ್ಲಿ ಅರ್ಧ ಚಾಪೆ ಖಾಲಿ. ಮೇಸ್ತ್ರಿ ಕೊಟ್ಟ ಮುಂಗಡಕ್ಕೆ ಎಷ್ಟು ದಿನದ ದುಡಿಮೆ ಎಂದು ಅವರು ಕೇಳಿರುವುದಿಲ್ಲ. ಕೇಳಿದರೆ ಮುಂದಿನ ವರುಷ ಕರೆಯುವುದಿಲ್ಲವೆಂಬ ಭಯ. ಈ ಮೌನಕ್ಕೆ ಸದ್ಗುಣವೆಂಬ ಹೆಸರು ಕೊಡುವವನು ಸುಳ್ಳಾಡುತ್ತಾನೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಮೌನ ನಮ್ಮ ನಡುವೆ ಇದೆ. 1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು. ಕ್ರೈಸ್ತರಿಗೂ ಮುಸಲ್ಮಾನರಿಗೂ ವಿಸ್ತರಿಸಲಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ಈ ಪ್ರಶ್ನೆಗಾಗಿ ನೇಮಿಸಿತು. ಆದೇಶದ ಪರಿಣಾಮವಾಗಿ, ಊರ ಹೊರಗಿನ ಕೇರಿಯಲ್ಲಿ ಹುಟ್ಟಿ, ಊರ ಬಾವಿಯ ಅವಮಾನವನ್ನು ಉಳಿದವರಂತೆಯೇ ಉಂಡು, ಮಗನ ವಿದ್ಯಾರ್ಥಿವೇತನದ ಅರ್ಜಿಯ ಮುಂದೆ ಕುಳಿತ ತಂದೆಯೊಬ್ಬನು ಧರ್ಮವೆಂಬ ಕಾಲಮಿನ ಎದುರು ಲೇಖನಿಯನ್ನು ಎತ್ತಿಹಿಡಿದು ನಿಲ್ಲುತ್ತಾನೆ. ಅವನು ಏನು ಬರೆದರೂ ಒಂದನ್ನು ಕಳೆದುಕೊಳ್ಳುತ್ತಾನೆ. ಅವನ ಆ ನಿಲುಗಡೆಯನ್ನು ನೋಡಿ, ವಿಶ್ವಾಸವನ್ನು ಬಹಿರಂಗವಾಗಿ ಒಪ್ಪಿಕೊಳ್ಳಬೇಕೆಂದು ಪೀಠದ ಮೇಲಿಂದ ಗದರಿಸುವುದು ಸುಲಭ. ಗದರಿಸುವವರ ಮಕ್ಕಳು ಸಾಮಾನ್ಯವಾಗಿ ಬೆಂಗಳೂರಿನಲ್ಲಿ ನೌಕರಿಯಲ್ಲಿರುತ್ತಾರೆ. ಆ ತಂದೆಯ ಎದುರಿಗೆ ನಾಲಗೆಯನ್ನು ಬಿಗಿಹಿಡಿಯುವುದೂ, ಅಧಿಕಾರದಲ್ಲಿರುವವರ ಎದುರಿಗೆ ಅವನ ಪರವಾಗಿ ಅದನ್ನು ಬಿಚ್ಚುವುದೂ ಸಭೆಯ ಕರ್ತವ್ಯ. ನಾವು ಬಹುಮಟ್ಟಿಗೆ ಇದನ್ನು ತಿರುಗಿಸಿ ಮಾಡಿದ್ದೇವೆ.

ಯೇಸುಸ್ವಾಮಿಯ ನಡತೆಯನ್ನು ಗಮನಿಸಿದರೆ ಈ ವಿವೇಕದ ಸ್ವರೂಪ ಸ್ಪಷ್ಟವಾಗುತ್ತದೆ. ತನ್ನ ಮೇಲೆ ಸುಳ್ಳು ಸಾಕ್ಷಿ ಹೇಳಿದಾಗ ಮಹಾಯಾಜಕನ ಮುಂದೆ ಆತನು ಉತ್ತರ ಕೊಡಲಿಲ್ಲ. ಅದ್ಭುತವನ್ನು ನೋಡುವ ಕುತೂಹಲದಿಂದ ಹೆರೋದನು ಅನೇಕ ಪ್ರಶ್ನೆಗಳನ್ನು ಹಾಕಿದಾಗ ಒಂದಕ್ಕೂ ಬಾಯಿ ತೆರೆಯಲಿಲ್ಲ. ತನ್ನ ಮುಂದೆಯೂ ಆತನು ಸುಮ್ಮನಿದ್ದುದಕ್ಕೆ ಪಿಲಾತನು ಬಹಳ ಆಶ್ಚರ್ಯಪಟ್ಟನು. ಅದೇ ಸ್ವಾಮಿ ದೇವಾಲಯದಲ್ಲಿ ಚಿನಿವಾರರ ಮೇಜುಗಳ ಜೊತೆಗೆ ಪಾರಿವಾಳ ಮಾರುವವರ ಪೀಠಗಳನ್ನೂ ಕೆಡವಿದನು. ಪಾರಿವಾಳವೆಂದರೆ ಕುರಿಮರಿಯನ್ನು ಕೊಳ್ಳಲಾರದ ಬಡವರ ಕಾಣಿಕೆ. ವ್ಯಭಿಚಾರದಲ್ಲಿ ಹಿಡಿದು ತಂದ ಹೆಂಗಸನ್ನು ಕಲ್ಲೆಸೆದು ಕೊಲ್ಲಲು ಜನ ನಿಂತಾಗ, ಮೊದಲು ಬಾಗಿ ಬೆರಳಿನಿಂದ ನೆಲದ ಮೇಲೆ ಬರೆಯುತ್ತ ಸುಮ್ಮನಿದ್ದು, ಗದ್ದಲ ತಾನಾಗಿ ತಗ್ಗಲು ಅವಕಾಶ ಕೊಟ್ಟು, ಬಳಿಕ ಒಂದೇ ಮಾತನ್ನು ಆಡಿದನು. ಆ ಒಂದು ಮಾತಿಗೆ ಕಲ್ಲುಗಳು ಕೈಯಿಂದ ಜಾರಿದವು. ತನ್ನ ಮಾನವನ್ನು ಕಾಯುವುದಕ್ಕೆ ಮೌನ, ಪರರ ಪ್ರಾಣವನ್ನು ಕಾಯುವುದಕ್ಕೆ ಮಾತು. ನಮ್ಮ ಕೂಟಗಳಲ್ಲಿ ನಮ್ಮ ಮಾನದ ಪ್ರಶ್ನೆ ಬಂದಾಗ ನಾವೆಷ್ಟು ವಾಚಾಳಿಗಳಾಗುತ್ತೇವೆ, ಹಳ್ಳಿಯ ಹೆಣ್ಣುಮಗಳೊಬ್ಬಳ ಮೇಲೆ ಅನ್ಯಾಯವಾದಾಗ ಎಷ್ಟು ಗಂಭೀರ ಮೌನಿಗಳಾಗುತ್ತೇವೆ ಎಂಬುದನ್ನು ಪ್ರತಿಯೊಬ್ಬ ಹಿರಿಯನೂ ತನ್ನ ಎದೆಯನ್ನು ಮುಟ್ಟಿ ಕೇಳಿಕೊಳ್ಳಬೇಕು. ನಾನು ಕೇಳಿಕೊಂಡಿದ್ದೇನೆ; ಉತ್ತರ ಒಳ್ಳೆಯದಾಗಿರಲಿಲ್ಲ.

ಆ ಮುದುಕಿ ತೀರಿಹೋಗಿ ಬಹಳ ವರುಷಗಳಾದವು. ಆಕೆಗೆ ಓದು ಬರುತ್ತಿರಲಿಲ್ಲ. ಪ್ರಸಂಗದ ಪೀಠದ ಸುತ್ತ ಇಪ್ಪತ್ತು ವರುಷ ಕಸ ಗುಡಿಸಿದರೂ ಅದರ ಹತ್ತಿರ ನಿಂತು ಒಂದು ಮಾತನಾಡೆಂದು ಆಕೆಯನ್ನು ಯಾರೂ ಕರೆಯಲಿಲ್ಲ, ನಾನೂ ಕರೆಯಲಿಲ್ಲ. ಸಾವಿನ ಮನೆಗಳಲ್ಲಿ ಹೇಗೆ ಕುಳಿತುಕೊಳ್ಳಬೇಕೆಂಬುದನ್ನು ನಮ್ಮ ಸಭೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಆಕೆಯೇ ಆಗಿದ್ದಳು.

ರಾಯಚೂರು, ಮಾನ್ವಿ, ದೇವದುರ್ಗಗಳ ಸಭಾಪಾಲಕರಲ್ಲಿಯೂ ಗುರುಗಳಲ್ಲಿಯೂ ಉಪದೇಶಿಗಳಲ್ಲಿಯೂ ನನ್ನದೊಂದು ಬಿನ್ನಹ. ಬರುವ ಆದಿತ್ಯವಾರ ಪ್ರಸಂಗವನ್ನು ಹದಿನೈದು ನಿಮಿಷ ಮೊಟಕುಮಾಡಿರಿ. ಧ್ವನಿವರ್ಧಕವನ್ನು ಆರಿಸಿರಿ. ಬಾಗಿಲ ಬಳಿ ಚಾಪೆಯ ಮೇಲೆ ಕುಳಿತಿರುವ ತಾಯಂದಿರಲ್ಲಿ ಒಬ್ಬರನ್ನು, ಈ ವಾರ ಹೇಗೆ ಕಳೆಯಿತವ್ವಾ ಎಂದು ಕೇಳಿರಿ. ಅವರು ಹೇಳಿ ಮುಗಿಸುವವರೆಗೆ ಯಾರೂ ನಡುವೆ ಬಾಯಿ ಹಾಕದಂತೆ ನೋಡಿಕೊಳ್ಳಿರಿ.